ಕಮಲಾಪುರದ ಕೇಂದ್ರಕ್ಕೆ ಪ್ರಶಸ್ತಿ ಬಂದ ವರ್ಷ

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಮನೆ ಕಲಬುರಗಿಯಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ, ಕೆಲಸ ಕಮಲಾಪುರದಲ್ಲಿ. ದಿನಾ ಮುಂಜಾನೆ ಹುಮನಾಬಾದ್ ಬಸ್ಸು ಹತ್ತಿ ನಡುವೆ ಇಳಿಯುತ್ತೇನೆ. ನಮ್ಮ ಕೇಂದ್ರವೆಂದರೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಸಾಲಾಗಿ ಯಂತ್ರಗಳು, ಪಕ್ಕದಲ್ಲಿ ಹಾಸಿಗೆಗಳು. ಮೂತ್ರಪಿಂಡ ಕೈಕೊಟ್ಟವರು ಬಂದು ನಾಲ್ಕು ತಾಸು ಮಲಗುತ್ತಾರೆ. ರಕ್ತ ಹೊರಗೆ ಬಂದು, ಶುದ್ಧವಾಗಿ ಒಳಗೆ ಹೋಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಬರುತ್ತಾರೆ. ಗುಣವಾಗಿ ಮನೆಗೆ ಹೋದವರನ್ನು ನಾನು ಅಲ್ಲಿ ಕಂಡಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಇದು ತಿಳಿದಿತ್ತು. ತಿಳಿದ ಮೇಲೂ ಬಸ್ಸು ಹತ್ತುತ್ತಲೇ ಇದ್ದೆ.

ಹೋದ ಡಿಸೆಂಬರಿನಲ್ಲಿ ನಮ್ಮ ಸಂಸ್ಥೆಯಿಂದ ಫೋನು ಬಂತು. ಅವರು ನಡೆಸುವ ಕೇಂದ್ರಗಳಲ್ಲೆಲ್ಲ ನಮ್ಮದೇ ವರ್ಷದ ಉತ್ತಮ ಕೇಂದ್ರವಂತೆ. ಕಲಬುರಗಿಯ ಜಗತ್ ವೃತ್ತದ ಹತ್ತಿರದ ಸಭಾಂಗಣದಲ್ಲಿ ಸಮಾರಂಭ. ನಾನು ವೇದಿಕೆಗೆ ಹೋಗಿ ಎರಡು ಮಾತು ಆಡಬೇಕಂತೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಅವತ್ತು ಕೋಣೆಯಲ್ಲಿದ್ದ ಎಲ್ಲರಿಗೂ ಹೇಳಿದೆ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಚಾಚಾ ಇದ್ದರು. ಬಸ್ ಸ್ಟ್ಯಾಂಡಿನ ಎದುರು ಬಂಡಿಯ ಮೇಲೆ ಕೆಂಪು ಬಾಳೆಹಣ್ಣು ಮಾರಿ ಸಂಸಾರ ನಡೆಸಿದವರು. ಈ ರೋಗದವರು ಬಾಳೆಹಣ್ಣು ತಿನ್ನಬಾರದು, ಎದೆಯ ಬಡಿತಕ್ಕೆ ಅಪಾಯ. ಇದನ್ನು ಅವರಿಗೆ ಹೇಳಿದವಳೂ ನಾನೇ. ನಕ್ಕು, "ಊರಿಗೆಲ್ಲ ತಿನಿಸೀನಿ, ಸಾಕು" ಎಂದಿದ್ದರು.

"ಇನಾಮು ಬಂತಂತಲ್ಲ ಬೇಟಿ, ಮುಬಾರಕ್. ಯಾತಕ್ಕ ಕೊಟ್ಟಾರ?"

"ನಮ್ಮ ಸೆಂಟರಿನಾಗ ಮಷಿನ್ ಒಂದು ದಿನಾನೂ ನಿಂತಿಲ್ಲ ಚಾಚಾ. ಒಂದು ಬೆಡ್ಡೂ ಖಾಲಿ ಉಳಿದಿಲ್ಲ. ಅದಕ್ಕ."

ಅವರು ಪಕ್ಕದ ಹಾಸಿಗೆ ನೋಡಿದರು. ದಸರೆಯವರೆಗೆ ಅಲ್ಲಿ ಅವರ ಗೆಳೆಯರೊಬ್ಬರು ಮಲಗುತ್ತಿದ್ದರು.

"ಖಾಲಿ ಹ್ಯಾಂಗ ಉಳಿತಾದ? ಒಬ್ಬ ಹೋದ ಅಂದ್ರ ಹೊರಗ ಇನ್ನೊಬ್ಬ ಕುಂತಿರ್ತಾನ."

ಕೊಂಕಿನ ಮಾತಾಗಿರಲಿಲ್ಲ. ಆದರೂ ನನ್ನ ಖುಷಿ ಅಲ್ಲಿಗೇ ಇಳಿಯಿತು.

ಮುಂದಿನ ಪಾಳಿಗೆ ಚಾಚಾ ಬರಲಿಲ್ಲ. ಫೋನು ಎತ್ತಿದ ಚಾಚಿ, "ಒಲ್ಲೆ ಅನ್ನಾಕತ್ತಾರವ್ವಾ, ನೀನೇ ಬಂದು ಹೇಳು" ಎಂದು ಅತ್ತರು. ಡಾಕ್ಟರೂ ಫೋನಿನಲ್ಲಿ ಹೇಳಿ ನೋಡಿದರು. ಮಧ್ಯಾಹ್ನ ಆಟೋ ಮಾಡಿಕೊಂಡು ಹೋದೆ. ಅಂಗಳದ ಹೊರಸಿನ ಮೇಲೆ ಬಿಸಿಲಿಗೆ ಮಲಗಿದ್ದರು. ಮುಖ ಆಗಲೇ ಬಾತಿತ್ತು.

"ಏಳ್ರಿ ಚಾಚಾ, ಆಟೋ ಹೊರಗ ನಿಂತದ."

"ಸಾಕಾಗ್ಯಾದ ಬೇಟಿ. ಒಂದು ದಿನ ಮಷಿನು, ಒಂದು ದಿನ ಸುಸ್ತು, ಮರುದಿನ ಮತ್ತ ತಯಾರಿ. ಇದರಾಗ ನಾ ಬದುಕೂದು ಯಾವಾಗ?"

"ಬರಲಿಲ್ಲಂದ್ರ ಏನಾಗ್ತದ ಗೊತ್ತದಲ್ರಿ."

"ಗೊತ್ತದ. ಬಂದ್ರ ಏನಾಗ್ತದ, ಅದೂ ಗೊತ್ತದ. ಜರಾ ತಡ ಆಗ್ತದ, ಅಷ್ಟ."

ಚಾಚಿ ನನ್ನ ಕೈ ಹಿಡಿದು, "ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ. ಚಾಚಾ ಆ ಮಾತು ಕೇಳದವರಂತೆ, ಒಂದು ಬಾಳೆಹಣ್ಣು ಸುಲಿದು ಕೊಡಲು ಹೆಂಡತಿಗೆ ಹೇಳಿದರು. ಚಾಚಿ ನನ್ನ ಮುಖ ನೋಡಿದರು. ನಾನು ಆಟೋದ ಕಡೆ ತಿರುಗಿದೆ, ಅವರು ಸುಲಿದು ಕೊಟ್ಟರು. ಚಾಚಾ ಅರ್ಧ ತಿಂದು, ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡು, "ಮೊದಲಿನ ರುಚಿ ಇಲ್ಲ" ಎಂದರು. ನಾನು ಖಾಲಿ ಆಟೋದಲ್ಲಿ ಹಿಂದಿರುಗಿದೆ.

ಸಮಾರಂಭದ ದಿನ ಮುಂಜಾನೆ, ನಾನು ಸೀರೆ ಉಡುತ್ತಿರುವಾಗ, ಚಾಚಾ ಹೋದರೆಂದು ಸುದ್ದಿ ಬಂತು. ಮಣ್ಣಿಗೆ ಹೋಗಬೇಕೆಂದುಕೊಂಡೆ. ಮೇಲಿನವರಿಗೆ ಫೋನು ಮಾಡಿದೆ. "ನೀವ ಇಲ್ಲಂದ್ರ ಶಾಲು ಯಾರಿಗೆ ಹೊಚ್ಚೋಣ್ರಿ? ಸಂಜೀಕ ಹೋಗಿ ಮಾತಾಡಿಸಿ ಬರ್ರಿ" ಎಂದರು. ಜಗತ್ ಕಡೆಗೇ ಹೋದೆ.

ಸಭಾಂಗಣ ತುಂಬಿತ್ತು. ಹೂವು, ದೀಪ, ಭಾಷಣ. ಶಾಲು ಹೊದಿಸಿ, ಸ್ಮರಣಿಕೆ ಕೊಟ್ಟು, ಮೈಕು ಮುಂದಿಟ್ಟರು. ನಾನು ಬಾಯಿಪಾಠ ಮಾಡಿದ್ದ ಧನ್ಯವಾದದ ಮಾತೆಲ್ಲ ಮರೆತುಹೋಯಿತು.

"ನಮ್ಮ ಪೇಶಂಟ್ ಒಬ್ಬರು ಇವತ್ತು ಮುಂಜಾನೆ ತೀರಿಕೊಂಡಾರ್ರಿ" ಎಂದೆ. "ಅವರು ಬರೂದು ಬಿಟ್ಟಿದ್ರು. ನಾ ಕರಿಲಿಕ್ಕೆ ಹೋಗಿದ್ದೆ. ಬರಲಿಲ್ಲ."

ನಿರೂಪಕ ಮೆಲ್ಲಗೆ ಮೈಕು ತೆಗೆದುಕೊಂಡು, "ರೋಗಿಯ ಮನೆತನಕ ಹೋಗುವ ಇಂಥ ಸೇವಾಭಾವಕ್ಕೆ ಒಂದು ಜೋರಾದ ಚಪ್ಪಾಳೆ" ಎಂದ. ಜನ ಮನಸಾರೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ನಾನು ಕೈ ಮುಗಿದು ಕೆಳಗಿಳಿದೆ. ಶೇಂಗಾ ಹೋಳಿಗೆಯ ಊಟವಿತ್ತು. ಎಲ್ಲರೂ ಕರೆದು ಅಭಿನಂದಿಸಿದ್ದರಿಂದ ಕುಳಿತು ಉಂಡೆ. ಸಂಜೆ ಕಮಲಾಪುರ ಮುಟ್ಟಿದಾಗ ಎಲ್ಲ ಮುಗಿದಿತ್ತು. ಚಾಚಿ ಒಳಕೋಣೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿಕೊಂಡರು.

ಮನೆಗೆ ಬಂದಾಗ ಅವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಖೂಪ್ ಛಾನ್ ಝಾಲಂ", ಬಹಳ ಚಲೋ ಆಯಿತು, ಎಂದು ಮರಾಠಿಯಲ್ಲಿ ಹರಸಿ, ಸ್ಮರಣಿಕೆಗೆ ಕುಂಕುಮ ಹಚ್ಚಿ ವಿಠೋಬನ ಫೋಟೋ ಪಕ್ಕ ಇಟ್ಟಳು. "ಮುಂದಿನ ವರ್ಷಾನೂ ಇವರ ಸೆಂಟರಿಗೇ ಬರಲಿ" ಎಂದು ಬೇಡಿಕೊಂಡಳು. ಚಾಚಾನ ಸುದ್ದಿ ನಾನು ಹೇಳಲಿಲ್ಲ. ಹೇಳಿದ್ದರೆ ಅವಳೂ ಸಮಾಧಾನದ ನಾಲ್ಕು ಮಾತು ಆಡುತ್ತಿದ್ದಳು, ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಮರುದಿನ ಕಿಟಕಿಯ ಹಾಸಿಗೆಗೆ ಹೊಸಬಳೊಬ್ಬಳು ಬಂದಳು. ಅಂಗನವಾಡಿಯಲ್ಲಿ ಕಲಿಸುವವಳು, ನನಗಿಂತ ಚಿಕ್ಕವಳು. ಕುತ್ತಿಗೆಗೆ ಹಾಕಿದ ನಳಿಕೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಎಷ್ಟು ದಿನ ಬರಬೇಕ್ರಿ ಅಕ್ಕಾ?"

"ಡಾಕ್ಟರ್ ಹೇಳ್ತಾರ" ಎಂದೆ. ಡಾಕ್ಟರು ಹಿಂದಿನ ದಿನವೇ ಅವಳಿಗೆ ಹೇಳಿದ್ದರು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಕೆಲವು ವಾರ ಬಂದಾಗಲೆಲ್ಲ ಕೇಳುತ್ತಿದ್ದಳು, ನಾನು ಅದನ್ನೇ ಹೇಳುತ್ತಿದ್ದೆ.

ಈಗ ಮತ್ತೆ ವರ್ಷ ಮುಗಿಯುತ್ತ ಬಂದಿದೆ. ಅವಳು ಇನ್ನೂ ಬರುತ್ತಾಳೆ. ಕೇಳುವುದನ್ನು ಮಾತ್ರ ಬಿಟ್ಟಿದ್ದಾಳೆ.