ಮೂರು ಮೂಲೆಯ ಮನೆಯ ಚಿತ್ರ

ನಕ್ಷೆ ಕಚೇರಿಯಲ್ಲಿ ಎಲ್ಲರೂ ಅವನನ್ನು ಟೇಪಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಟೇಪು ಹಿಡಿದು ಬೀದಿ ಅಳೆದವನಿಗೆ ಬೇರೆ ಹೆಸರು ಹೇಗೆ ಉಳಿದೀತು! ಆದರೆ ಅವನ ಜೀವವೆಲ್ಲ ಇದ್ದದ್ದು ಹೆಗಲಿನ ಕ್ಯಾಮೆರಾದಲ್ಲಿ. ವಿಚಿತ್ರವಾದ ಹಳೇ ಮನೆ ಕಣ್ಣಿಗೆ ಬಿದ್ದರೆ ಮುಗಿಯಿತು, ಅದರ ಪೂರ್ವೋತ್ತರ ಕೆದಕದೆ ಬಿಡುತ್ತಿರಲಿಲ್ಲ.

"ನನ್ನ ಮುಖಾನ ಯಾವತ್ತಾದ್ರೂ ಹೀಗೆ ನೋಡಿದ್ದೀರಾ?" ಎಂದು ಹೆಂಡತಿ ಕೆಣಕುತ್ತಿದ್ದಳು.

"ನೀನಿನ್ನೂ ಅಷ್ಟು ಹಳೇದಾಗಿಲ್ವಲ್ಲೇ!"

ಅವನಿಗೊಂದು ಗೀಳಿತ್ತು. ಚಿತ್ರದಲ್ಲಿ ಮನೆಯೊಂದೇ ಇರಬೇಕು. ಹೊಸಿಲ ಮುಂದಿನ ಚಪ್ಪಲಿ, ಪೊರಕೆ, ಒಣಹಾಕಿದ ಬಟ್ಟೆ, ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಚಿತ್ರ ತೆಗೆದು, ಮತ್ತೆ ಒಂದೊಂದನ್ನೂ ಇದ್ದಲ್ಲೇ ಇಟ್ಟು ಬರುತ್ತಿದ್ದ. ಇಂಥ ಅಚ್ಚುಕಟ್ಟು ಮನುಷ್ಯನ ಕೈಯಲ್ಲೇ ಅನಾಹುತವಾಗಬೇಕೇ?

ಎರಡು ಬೀದಿ ಕೂಡುವಲ್ಲಿ ಮೂರು ಮೂಲೆಯ ಮನೆಯೊಂದಿತ್ತು. ಮುಂಭಾಗ ಒಂದು ಬಾಗಿಲಿನಷ್ಟೇ ಅಗಲ, ಒಳಗೆ ಹೋದಂತೆ ಹಿಗ್ಗುತ್ತದೆ. ಅಣ್ಣತಮ್ಮಂದಿರಿಬ್ಬರು ಜಗಳವಾಡಿ ಜಾಗ ಹಂಚಿಕೊಂಡು, ಮಿಕ್ಕ ಚೂರಿನಲ್ಲಿ ಒಬ್ಬಳೇ ತಂಗಿಗೆ ಕಟ್ಟಿಸಿಕೊಟ್ಟದ್ದೆಂದು ಹಳೆಯ ಕಾಗದಗಳಿಂದ ತಿಳಿದುಕೊಂಡ. ಮನೆಯ ವಿವರ ಬರೆದುಕೊಳ್ಳಲು ಮೂರು ಸಲ ಹೋದ, ಮೂರು ಸಲವೂ ಬಾಗಿಲಿಗೆ ಬೀಗ. ಹೋದದ್ದು ಬೆಳಗ್ಗೆ ಎಂಟಕ್ಕೆ, ಬಾಗಿಲ ಮೇಲೆ ಬಿಸಿಲು ಚೆನ್ನಾಗಿ ಬೀಳುವುದು ಆಗಲೇ ಎಂದು. ಸಂಜೆ ಒಮ್ಮೆ ಹೋಗೋಣವೆಂದು ಅವನಿಗೆ ಹೊಳೆಯಲೇ ಇಲ್ಲ. ಯಾರೋ ಇದ್ದಾರೆಂದು ಗೊತ್ತಿತ್ತು, ಅವರ ಬಟ್ಟೆ ಸರಿಸಿದವನೇ ಅವನು. ಆದರೆ ಹೆಸರು, ಸಹಿ ಇಲ್ಲದೆ 'ವಾಸವಿದ್ದಾರೆ' ಎಂದು ಬರೆಯುವ ಜಾಯಮಾನ ಅವನದಲ್ಲ. ವರದಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ಚಿತ್ರದ ಜೊತೆ ಕಚೇರಿಗೆ ಒಪ್ಪಿಸಿದ.

ಖಾಲಿ ಜಾಗ ನೋಡಿದ ಸಾಹೇಬರು ಚಿತ್ರ ನೋಡಿದರು. ಒಂದು ಚಿಂದಿ ಬಟ್ಟೆಯೂ ಇಲ್ಲ. 'ಯಾರೂ ವಾಸವಿಲ್ಲ' ಎಂದು ಬರೆದರು. ಬೀದಿ ಅಗಲ ಮಾಡುವ ಪಟ್ಟಿಗೆ ಮನೆ ಸೇರಿತು. ನೋಟಿಸು ಎಂದೋ ತೀರಿಕೊಂಡಿದ್ದ ಆ ತಂಗಿಯ ಹೆಸರಿಗೆ ಹೋಗಿ ವಾಪಸು ಬಂತು.

ಟೇಪಣ್ಣನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಗೋಡೆಗಳು ನೆಲಕ್ಕುರುಳಿದ್ದವು. ಎದುರಿನ ಕಟ್ಟೆಯ ಮೇಲೆ ಟ್ರಂಕು ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವವಳು, ಬೆಳಗ್ಗೆ ಆರಕ್ಕೇ ಕೆಲಸಕ್ಕೆ ಹೋಗುವವಳು. ಮನೆಯೊಡತಿಯನ್ನು ಕೊನೆಗಾಲದವರೆಗೆ ನೋಡಿಕೊಂಡು ಅಲ್ಲೇ ಉಳಿದಿದ್ದಳು, ಹತ್ತೊಂಬತ್ತು ವರ್ಷ.

"ಯಾರೂ ಇಲ್ಲ ಅಂತ ಯಾರಣ್ಣ ಹೇಳಿದ್ದು?"

"ನಾನೇ ಕಣಮ್ಮ," ಎಂದ, ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿ ವಾಸವಿದ್ದಳೆಂದು ರುಜುವಾತಾದರೆ ಬದಲಿಗೆ ಒಂದು ಕೋಣೆ ಸಿಗುತ್ತಿತ್ತು. ಅವಳ ಬಳಿ ಒಂದು ಚೀಟಿಯೂ ಇರಲಿಲ್ಲ. ಅಕ್ಕಪಕ್ಕದ ಮನೆಯವರು ನಮಗೇಕೆ ಕಚೇರಿಯ ಉಸಾಬರಿ ಎಂದು ಬಾಯಿ ಮುಚ್ಚಿಕೊಂಡರು. ಟೇಪಣ್ಣ ತನ್ನ ತಪ್ಪನ್ನು ತಾನೇ ಬರೆದು, ಸಹಿ ಹಾಕಿ, ಸಾಹೇಬರ ಮುಂದಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಾಹೇಬರು ಕಾಗದದ ಪಕ್ಕದಲ್ಲಿ ಚಿತ್ರವನ್ನಿಟ್ಟರು. "ಇಪ್ಪತ್ತಾರು ವರ್ಷದಲ್ಲಿ ನಿಮ್ಮ ಒಂದು ಚಿತ್ರಾನೂ ಸುಳ್ಳು ಹೇಳಿಲ್ಲ ಕಣ್ರೀ. ಈಗ ಕನಿಕರಕ್ಕೆ ಬಿದ್ದು ಹೀಗೆಲ್ಲ ಬರೀಬೇಡಿ. ಈ ಕಾಗದ ನಾನು ನೋಡಿಲ್ಲ, ತಗೊಂಡು ಹೋಗಿ."

ಅವನು ಅಂಗಲಾಚಿದ. ಸಾಹೇಬರು ಅವನ ಒಳ್ಳೆಯ ಹೆಸರನ್ನು ಕಾಪಾಡಿದ ತೃಪ್ತಿಯಲ್ಲಿ ಮುಂದಿನ ಕಡತ ಬಿಚ್ಚಿದರು.

ಹೊರಗೆ ಬೆಂಚಿನ ಮೇಲೆ ಅವಳು ಕಾಯುತ್ತಿದ್ದಳು. ಅವನ ಮುಖ ನೋಡಿಯೇ ಗೊತ್ತಾಯಿತು.

"ನಂಬಲಿಲ್ವಾ ಅಣ್ಣ?"

"ಇಲ್ಲಮ್ಮ."

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಹೋಗ್ಲಿ ಬಿಡಿ. ಅಷ್ಟು ವರ್ಷದಲ್ಲಿ ಆ ಮನೇನ ಚೆಂದ ಅಂತ ನಿಂತು ನೋಡಿದೋರು ನೀವೊಬ್ರೇ."

ಟೇಪಣ್ಣ ಆ ಬೆಂಚಿನ ಮೇಲೆಯೇ ಕುಸಿದು ಕೂತು ಎಲ್ಲರೆದುರು ಅತ್ತ.