ಇಳಿದ ಬಾವು

ಶ್ರೀನಿವಾಸಪುರದ ಹೊರಗೆ, ಕೆರೆ ಕಟ್ಟೆಯ ಕೆಳಗೆ ಮುನಿಲಕ್ಷ್ಮಿಯ ಹಂದಿ ಶೆಡ್ಡು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಕಟ್ಟಿಸಿದ್ದು. ಪೇಟೆಯ ಹೋಟೆಲುಗಳ ಮುಸುರೆ ತಂದು, ಕುದಿಸಿ ಹಾಕುತ್ತಾಳೆ. ಜನ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. ಅದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವುದನ್ನು ಅವಳು ಎಂದೋ ಬಿಟ್ಟಿದ್ದಳು. ಈ ಬೇಸಿಗೆಯಲ್ಲಿ ಬಂದ ಸಿಟ್ಟು ಬೇರೆ.

ತಾಯಿ ಹಂದಿಯೊಂದಕ್ಕೆ ಮುಂಗಾಲಿನ ಕೀಲು ಬಾತುಕೊಂಡಿತು. ಮೈ ಕೆಂಡ. ತೊಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಪೇಟೆಯಲ್ಲಿ ದನದ ಔಷಧಿ ಅಂಗಡಿ ಇಟ್ಟುಕೊಂಡು, ಬೈಕಿನಲ್ಲಿ ಊರೂರು ತಿರುಗಿ ಸೂಜಿ ಹಾಕುವ ಕದಿರೇಶನನ್ನು ಕರೆಸಿದಳು.

"ಏನಾದ್ರೂ ಮಾಡಿ ಬಾವು ಇಳಿಸಪ್ಪ."

ಅವನು ಕಾಲು ಮುಟ್ಟಿಯೂ ನೋಡದೆ ಚುಚ್ಚಿದ. "ಬೆಳಿಗ್ಗೆ ನೋಡ್ಕೋ ಅಕ್ಕ, ಇಳಿದಿರುತ್ತೆ."

ಇಳಿಯಿತು. ಜ್ವರವೂ ಬಿಟ್ಟಿತು. ಹಂದಿ ಎದ್ದು ತೊಟ್ಟಿಗೆ ಬಾಯಿ ಹಾಕಿತು. ಮುನಿಲಕ್ಷ್ಮಿ ಸಿಕ್ಕವರಿಗೆಲ್ಲ ಕದಿರೇಶನ ಕೈಗುಣ ಹೊಗಳಿದಳು. ಹೊಗಳಿ ಮುಗಿಯುವ ಮೊದಲೇ ಹಂದಿ ಬಿದ್ದು, ಕಾಲು ಬಡಿದುಕೊಂಡು ಸತ್ತಿತು. ಪಕ್ಕದ ಗೂಡಿನ ಎರಡು ಮರಿಗಳ ಕೀಲೂ ಊದತೊಡಗಿತ್ತು.

ಈ ಸಲ ಪಶು ಆಸ್ಪತ್ರೆಯ ಡಾಕ್ಟರು ಶಿವಾನಿ ಬಂದರು. ಸತ್ತ ಹಂದಿಯನ್ನು ಕುಯ್ದು ನೋಡಿ, ಮೂಲೆಯಲ್ಲಿ ಕದಿರೇಶ ಎಸೆದು ಹೋಗಿದ್ದ ಖಾಲಿ ಸೀಸೆ ಎತ್ತಿ ಓದಿದರು.

"ಇದು ಸ್ಟೀರಾಯ್ಡ್, ಮುನಿಲಕ್ಷ್ಮಮ್ಮ. ಕೀಲಿಗೆ ಬ್ಯಾಕ್ಟೀರಿಯಾ ಹೊಕ್ಕಿತ್ತು. ಹಂದಿ ಮೈಯ ಜೀವಕೋಶಗಳು ಅದನ್ನ ಗುರುತು ಹಿಡಿದು ಬೇರೆ ಕೋಶಗಳನ್ನ ಕರೀತಾವೆ. ರಕ್ತ ಅಲ್ಲಿಗೆ ನುಗ್ಗುತ್ತೆ, ಊದುತ್ತೆ, ಜ್ವರ ಬರುತ್ತೆ. ಹಂದಿ ಹೊಡೆದಾಡ್ತಾ ಇತ್ತು. ಈ ಸೂಜಿ ಆ ಹೊಡೆದಾಟಾನೇ ನಿಲ್ಲಿಸ್ತು. ಕ್ರಿಮಿ ಉಳ್ಕೊಂಡು, ರಕ್ತಕ್ಕೆ ಸೇರಿ ಮಿದುಳಿಗೆ ಏರ್ತು."

"ಹಂಗಾದ್ರೆ ಊದೋದು ಒಳ್ಳೇದಾ ಮೇಡಂ?"

"ಮಿತಿ ಮೀರಿದ್ರೆ ಅದೂ ಕೊಲ್ಲುತ್ತೆ. ಆದ್ರೆ ಮೊದಲು ಕ್ರಿಮಿ ಸಾಯ್ಸೋ ಔಷಧಿ ಕೊಡ್ಬೇಕಿತ್ತು."

ಮುನಿಲಕ್ಷ್ಮಿ ಕೈ ತೊಳೆದು ನೇರ ಪೇಟೆಗೆ ನಡೆದಳು. ಅಂಗಡಿ ಮುಂದೆ ರೈತರು ನಿಂತಿದ್ದರು.

"ಏನ್ಲಾ ಚುಚ್ಚಿದ್ದು ನನ್ನ ಹಂದಿಗೆ?"

"ಬಾವು ಇಳಿಸು ಅಂದವಳು ನೀನೇ ಅಲ್ವಾ ಅಕ್ಕ? ಇಳಿಸ್ದೆ. ಹಂದಿ ತಾನೇ, ಇನ್ನೊಂದು ತಂದ್ಕೋ."

ತಾನು ಹಾಗಂದದ್ದು ನಿಜವೇ. ಅದಕ್ಕೇ ಸಿಟ್ಟು ನೆತ್ತಿಗೇರಿತು.

"ನನಗೆ ಗೊತ್ತಿಲ್ಲ, ಕೇಳ್ದೆ. ನೀನು ಬೋರ್ಡು ಹಾಕ್ಕೊಂಡು ಕೂತವನು. ಕ್ರಿಮಿಗೆ ಔಷಧಿ ಯಾಕೆ ಕೊಡ್ಲಿಲ್ಲ? ಇವ್ರ ಹಸುಗಳಿಗೂ ಇದನ್ನೇ ಚುಚ್ತೀಯಾ?"

ರೈತರು ಅವನ ಮುಖ ನೋಡಿದರು. ಕದಿರೇಶ ಒಳಗೆ ಹೋದ.

ಮರಿಗಳಿಗೆ ಶಿವಾನಿ ಕೊಟ್ಟ ಔಷಧಿಯ ಕೆಲಸ ನಿಧಾನ. ಮುನಿಲಕ್ಷ್ಮಿ ದಿನಾ ಮರಿಗಳ ಬಿಸಿ ಕೀಲು ಮುಟ್ಟಿ ನೋಡಿ ಹಲ್ಲು ಕಚ್ಚಿಕೊಂಡು ಕಾದಳು. ಒಂದು ಪೂರ್ತಿ ಸುಧಾರಿಸಿತು, ಇನ್ನೊಂದು ಕುಂಟುತ್ತದೆ. ಕದಿರೇಶನ ಅಂಗಡಿ ಈಗಲೂ ನಡೆಯುತ್ತಿದೆ, ಗಿರಾಕಿ ಕಡಿಮೆ. ಮುಸುರೆ ಗಾಡಿ ತಳ್ಳಿಕೊಂಡು ಅವಳು ಅದರ ಮುಂದೆಯೇ ಹೋಗುತ್ತಾಳೆ. ಅವನು "ಅಕ್ಕ" ಎಂದು ಕರೆದರೆ ತಿರುಗಿಯೂ ನೋಡುವುದಿಲ್ಲ.