ಗೋಡೆಯ ಮಂಡಲದಲ್ಲಿ ತಿರುಗಿದ ಒಂದು ಚೌಕ

ಸೊಲ್ಲಾಪುರಕ್ಕೆ ಬಂದ ಎರಡನೆಯ ತಿಂಗಳಲ್ಲಿ ಒಂದು ಸಂಜೆ ದೇವಾಲಯದಿಂದ ಹಿಂದಿರುಗಿದವನು, ತೆರೆದಿದ್ದ ಬಾಗಿಲಿನಿಂದ ಒಳಹೊಕ್ಕು, ಎಂದಿನಂತೆ ಎಡಗಡೆಯ ಬಚ್ಚಲಿನಲ್ಲಿ ಕನ್ನಡಕ ತೆಗೆದು ಕೈಕಾಲು ತೊಳೆದು, ಮೂಲೆಯ ಚಾಪೆಯ ಮೇಲೆ ಜಪಕ್ಕೆ ಕುಳಿತೆ. ಮುಗಿಸಿ ಕನ್ನಡಕ ಏರಿಸಿದಾಗ ಎದುರಿನ ಗೋಡೆಯ ಮೇಲೆ ಭಂಡಾರದ ಅರಿಸಿನ ಹಚ್ಚಿದ, ಕುರುಬರ ದೇವರು ಬೀರೋಬಾನ ಪಟವಿತ್ತು. ನಮ್ಮ ಮನೆಯಲ್ಲಿ ಆ ಪಟವಿಲ್ಲ. ಬಾಗಿಲ ಬಳಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಕೈಕಟ್ಟಿ ನಿಂತಿದ್ದಳು.

"ಜಪಾ ಮುಗೀಲಿ ಅಂತ ನಿಂತೇನ್ರಿ ಅಜ್ಜಾರ," ಎಂದಳು. "ಯಾರ ಮನಿಗಿ ಬಂದೀರಿ?"

ಅಕ್ಕಲಕೋಟೆಯ ಆಪ್ತರೆ, ಸಮುದ್ರ ದಾಟಿದವರು ವಲಸೆಯ ಕಥೆ ಬರೆಯುತ್ತಾರೆ. ನಾನು ದಾಟಿದ್ದು ಕೆಂಪು ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಅದನ್ನು ವಲಸೆಯೆನ್ನಲು ಸಂಕೋಚವಾಗುತ್ತದೆ. ಆದರೂ ನಲವತ್ತು ವರ್ಷ ನಿಮ್ಮ ನಡುವೆ ಸಂಸ್ಕೃತ ಪಾಠ ಹೇಳಿ, ವ್ರತದ ಮನೆಗಳಲ್ಲಿ ಮಂಡಲ ಬರೆದ ನನಗೆ ಇಲ್ಲಿ ನನ್ನ ಮನೆಯೇ ಗುರುತು ಸಿಗಲಿಲ್ಲವೆಂದರೆ, ಅದಕ್ಕೆ ಬೇರೆ ಹೆಸರೂ ತೋಚುವುದಿಲ್ಲ. ನಾನಿದ್ದ ಬಾಡಿಗೆಯ ಮನೆಯನ್ನು ಕೆಡವಿ ಯಾತ್ರಿಕರಿಗೆ ವಸತಿಗೃಹ ಕಟ್ಟಿಸುವುದಾಗಿ ಮಾಲಕರು ಹೇಳಿದಾಗ, ಇಲ್ಲಿ ಕಾರಕೂನಿಕೆ ಮಾಡುವ ಮಗಳು ಸುಧಾ ಬಂದು ಕರೆದುಕೊಂಡು ಹೋದಳೆಂಬುದು ನಿಮಗೆ ತಿಳಿದದ್ದೇ.

ಆ ಹಳೆಯ ಮನೆಗೆ ಒಂದು ಮುಖವಿತ್ತು. ಬಾಗಿಲ ಮೇಲೆ ಗಣಪತಿ, ಎರಡು ಬದಿಗೆ ಹಣತೆ ಇಡುವ ಗೂಡು, ಕೆಳಗೆ ಕಟ್ಟೆ. ಕೈಯಿಂದ ಮುಟ್ಟಬಹುದಾದ ಮುಖ. ಇಲ್ಲಿ ಕಟ್ಟಡದ ಮುಖಕ್ಕೆ 'ಎಲಿವೇಶನ್' ಎನ್ನುತ್ತಾರೆ. ಗೋಡೆಯ ಮುಂದೆ ಒಂದು ಮೊಳ ಬಿಟ್ಟು ಇನ್ನೊಂದು ಗೋಡೆಯಂತೆ ಲೋಹದ ಜಾಳಿ. ಮೊದಲ ಮಹಡಿಯಿಂದ ತುದಿಯವರೆಗೆ ಚೌಕಗಳು, ಚೌಕದೊಳಗೆ ಎಂಟು ಮೂಲೆಯ ನಕ್ಷತ್ರದ ತುಂಡುಗಳು. ಒಂದು ಚೌಕದ ಗೆರೆ ಪಕ್ಕದ ಚೌಕದ ಗೆರೆಯನ್ನು ಕೂಡಿದಾಗ ನಕ್ಷತ್ರ ಪೂರ್ಣವಾಗುತ್ತದೆ. ಮೊದಲ ದಿನ ನೋಡಿದವನೇ ಕೈ ಮುಗಿದುಬಿಟ್ಟೆ. ಮಂಡಲವೆಂದೇ ತಿಳಿದೆ.

ಆಮೇಲೆ ದಿನವೂ ತೊಡಕು. ಮಂಡಲವಾದರೆ ಮಧ್ಯದಲ್ಲಿ ಪದ್ಮವಿರಬೇಕು. ಇದಕ್ಕೆ ಮಧ್ಯವೇ ಇಲ್ಲ. ಮಂಡಲವನ್ನು ನಾವು ಬಣ್ಣದ ಕಾಳುಗಳಿಂದ ಬರೆದು, ದೇವತೆಗಳನ್ನು ಕರೆದು, ಪೂಜೆ ಮುಗಿದ ಮೇಲೆ ಅವರನ್ನು ಕಳುಹಿಸಿ, ಧಾನ್ಯವನ್ನು ನೀರಿಗೆ ಬಿಡುತ್ತೇವೆ. ಯಾರೂ ಕರೆಯದ, ಯಾರೂ ಕಳುಹಿಸದ ಈ ಮಂಡಲ ಹಗಲಿರುಳು ಬಿಸಿಲಲ್ಲಿ ನಿಂತಿದೆ. ನಮಸ್ಕರಿಸಬೇಕೋ, ಸುಮ್ಮನೆ ಹಾಯ್ದು ಹೋಗಬೇಕೋ? ಕೈ ಮಾತ್ರ ತಾನಾಗಿ ಮೇಲೇಳುತ್ತಿತ್ತು. ಗೇಟಿನ ಕಾವಲುಗಾರನು ಆ ನಮಸ್ಕಾರ ತನಗೇ ಎಂದು ತಿಳಿದು, ನನ್ನನ್ನು ಕಂಡೊಡನೆ ಎದ್ದು ನಿಲ್ಲತೊಡಗಿದನು.

ಹಾಗೆ ನೋಡುತ್ತ ನೋಡುತ್ತ, ನಮ್ಮ ಕಟ್ಟಡದ ಮೂರನೆಯ ಮಹಡಿಯ ಆಗ್ನೇಯ ಮೂಲೆಯಲ್ಲಿ ಒಂದು ಚೌಕವು ತಿರುಗಿ ಕೂತದ್ದು ಕಣ್ಣಿಗೆ ಬಿತ್ತು. ಅದರ ಗೆರೆಗಳು ಪಕ್ಕದ ಗೆರೆಗಳನ್ನು ಕೂಡದೆ ಅಲ್ಲಿಗೇ ನಿಂತುಬಿಟ್ಟಿದ್ದವು. ಮನಸ್ಸಿಗೆ ಮುಳ್ಳಾಯಿತು. ನಿವಾಸಿಗಳ ಸೊಸಾಯಿಟಿಯ ಸೆಕ್ರೆಟರಿಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಕತ್ತೆತ್ತಿ ನೋಡಿ, ಇಷ್ಟು ದಿನ ಯಾರಿಗೂ ಕಾಣಲಿಲ್ಲವಲ್ಲ ಎಂದು ಬೆರಗಾಗಿ, ಸರಿಪಡಿಸುವಂತೆ ಬಿಲ್ಡರನಿಗೆ ಕಾಗದ ಬರೆದರು. ನಾನು ಸಂತೋಷದಿಂದ ಮರೆತೆ.

ಬೀರೋಬಾನ ಪಟ ಕಂಡದ್ದು ಆನಂತರ. ಇಲ್ಲಿ ಎ ಮತ್ತು ಬಿ ಎಂದು ಎರಡು ಕಟ್ಟಡಗಳಿದ್ದು, ಎರಡಕ್ಕೂ ಒಂದೇ ಮುಖ, ಮನೆಗಳ ಒಳಗೂ ಒಂದೇ ನಕ್ಷೆ. ಮುಂದಿನ ಗೇಟಿನಿಂದ ಬಂದರೆ ನಮ್ಮದು ಎಡಕ್ಕೆ, ಹಿಂದಿನ ಗೇಟಿನಿಂದ ಬಂದರೆ ಬಲಕ್ಕೆ. ಹೆಸರಿನ ಅಕ್ಷರಗಳೋ ಗೋಡೆಯ ಬಣ್ಣದವೇ. ನನ್ನ ಕಣ್ಣಿಗೆ ಕಾಣಿಸವು. ಆ ಹೆಣ್ಣುಮಗಳು, ಮಹಾನಂದಾ, ಸಲಗರ ಬುದ್ರುಕ ಎಂಬ ಹಳ್ಳಿಯ ಕುರಿ ಸಾಕುವ ಮನೆತನದವಳು, ನನ್ನನ್ನು ಕೈ ಹಿಡಿದು ನಮ್ಮ ಮನೆಗೆ ತಲುಪಿಸಿದಳು. ಸುಧಾ ನಕ್ಕಳು, ಆಮೇಲೆ ನಗಲಿಲ್ಲ.

"ಇನ್ನೊಮ್ಮಿ ಹಿಂಗಾದ್ರ ಒಬ್ಬರಽ ಹೊರಗ ಹೋಗೂದು ಬಂದ್, ಅಪ್ಪಾ. ರವಿವಾರಕ್ಕೊಮ್ಮಿ ನಾನಽ ಗುಡಿಗಿ ಕರಕೊಂಡ ಹೋಗ್ತೀನಿ."

ಮೊಮ್ಮಕ್ಕಳ ಮರಾಠಿ ನನಗೆ ಅರ್ಧ ತಿಳಿಯುತ್ತದೆ, ನನ್ನ ಕನ್ನಡ ಅವರಿಗೆ ಅರ್ಧ. ಸಿದ್ಧೇಶ್ವರನ ಕೆರೆಯ ಮೆಟ್ಟಿಲ ಮೇಲೆ ಕುಳಿತಾಗಲೇ ನನ್ನ ದಿನ ಪೂರ್ತಿಯಾಗುವುದು. ವಾರಕ್ಕೊಂದು ದರ್ಶನದಿಂದ ನಾನು ಹೇಗೆ ಬದುಕಲಿ? ಮರುದಿನ ಎರಡು ಗೋಡೆಗಳ ನಡುವೆ ನಿಂತು ವ್ಯತ್ಯಾಸ ಹುಡುಕಿದೆ. ತಿರುಗಿ ಕೂತ ಆ ಚೌಕದ ಹೊರತು ಬೇರೆ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಅದೇ ನನ್ನ ದಾರಿದೀಪ. ಯಾವ ಗೇಟಿನಿಂದ ಬಂದರೂ ಮೊದಲು ಕತ್ತೆತ್ತಿ, ಕೂಡದ ಗೆರೆಗಳನ್ನು ನೋಡಿ, ನಿಶ್ಚಿಂತನಾಗಿ ಒಳಗೆ ಹೋಗುತ್ತಿದ್ದೆ. ಮಳೆಗಾಲವೆಲ್ಲ ಒಮ್ಮೆಯೂ ತಪ್ಪಲಿಲ್ಲ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಲಿನಿಂದ ಹಗ್ಗಗಳು ಇಳಿದಿದ್ದವು. ಜಾಳಿ ಕೂರಿಸುವ ಕೆಲಸಗಾರ ಕೆಳಗೆ ಚಹಾ ಕುಡಿಯುತ್ತಿದ್ದನು. ನನ್ನನ್ನು ನೋಡಿ ಲೋಟ ಕೆಳಗಿಟ್ಟ.

"ಮಾಸ್ತರ, ನೀವಽ ಅಂತಲ್ಲ ಇದನ್ನ ಹುಡಿಕಿದವ್ರು? ಕೂಡ್ರಿಸಿದಾಂವ ನಾನಽ. ನನಗಽ ಗೊತ್ತಾಗಿದ್ದಿಲ್ಲ ನೋಡ್ರಿ."

ಹಾಗೆಯೇ ಇರಲಿ ಎನ್ನಬೇಕೆಂದು ಬಾಯಿ ತೆರೆದೆ. ಕೆಂಪಿನ ಮನೆಯಲ್ಲಿ ನಾಲ್ಕು ಹಳದಿ ಕಾಳು ಬಿದ್ದವೆಂದು ಶಿಷ್ಯರು ಬರೆದ ಮಂಡಲವನ್ನು ಇಡಿಯಾಗಿ ಅಳಿಸಿದವನು ನಾನು. ದೋಷವನ್ನು ಉಳಿಸೆಂದು ಬೇಡಿಕೊಳ್ಳುವ ಮಾತು ಈ ನಾಲಿಗೆಗೆ ಬರಲಿಲ್ಲ.

"ಸರಿ ಮಾಡಪ್ಪಾ," ಎಂದೆ.

ಆ ಸಂಜೆಗೆ ನಕ್ಷತ್ರ ಪೂರ್ಣವಾಗಿತ್ತು. ಎಷ್ಟು ಅಂದವಾಗಿತ್ತೆಂದರೆ, ಎರಡು ಕಟ್ಟಡಗಳಲ್ಲಿ ಅದು ಯಾವುದರಲ್ಲಿತ್ತೆಂದು ನನಗೆ ತಿಳಿಯಲಿಲ್ಲ. ಕಾವಲುಗಾರನನ್ನು ಕೇಳಿ ಒಳಗೆ ಹೋದೆ. ಹಾಗೆ ಅವನನ್ನು ಎಷ್ಟು ದಿನ ಕೇಳಲಿ?

ಹೋದ ಗುರುವಾರ ಬಸ್ಸು ಹಿಡಿದು ನಿಮ್ಮಲ್ಲಿಗೆ ಬಂದಿದ್ದೆ. ಯಾರಿಗೂ ತಿಳಿಸಲಿಲ್ಲ, ಕ್ಷಮಿಸಿ. ದರ್ಶನ ಮಾಡಿ ಹಳೆಯ ಓಣಿಗೆ ಹೋದೆ. ನನ್ನ ಮನೆಯ ಜಾಗದಲ್ಲಿ ನಾಲ್ಕು ಅಂತಸ್ತಿನ ವಸತಿಗೃಹ ಎದ್ದಿದೆ. ಅದರ ಮುಖದ ಮೇಲೂ ಅದೇ ಜಾಳಿ, ಅದೇ ಎಂಟು ಮೂಲೆ. ಓಣಿಯ ನಡುವೆ ನಿಂತು ಆಗ್ನೇಯದ ಮೂಲೆಯಲ್ಲಿ ತಿರುಗಿದ ಚೌಕಕ್ಕಾಗಿ ಹುಡುಕಿದೆ. ಒಂದೂ ತಪ್ಪಿರಲಿಲ್ಲ. ಕೈ ಮುಗಿಯಲು ಎತ್ತಿದವನು, ಯಾರಿಗೆಂದು ತಿಳಿಯದೆ ಇಳಿಸಿದೆ.

ಸಂಜೆ ಸೊಲ್ಲಾಪುರದಲ್ಲಿ ಇಳಿದು, ಕಾವಲುಗಾರ ಕಾಣದ್ದರಿಂದ ಲೆಕ್ಕ ಹಾಕಿ ಹಾಕಿ ಮೇಲೇರಿದೆ. ಬಾಗಿಲ ಪಕ್ಕದಲ್ಲಿ ಒಂದು ತಂಬಿಗೆ ನೀರು, ಅದರ ಮೇಲೆ ಮಡಿಚಿಟ್ಟ ವಸ್ತ್ರ. ನಮ್ಮ ಅಕ್ಕಲಕೋಟೆಯ ಮನೆಯಲ್ಲಿ ಹೀಗೆಯೇ ಇಡುತ್ತಿದ್ದೆವು. ಸಮಾಧಾನದಿಂದ ಕಾಲು ತೊಳೆದು ತಲೆಯೆತ್ತಿದರೆ ಹೊಸ್ತಿಲಲ್ಲಿ ಮಹಾನಂದಾ.

"ದಿನಾ ಆ ಚೌಕ ನೋಡೇ ನೀವು ಒಳಗ ಹೋಗೂದು ನಾ ಕಂಡೀನ್ರಿ ಅಜ್ಜಾರ. ಅದನ್ನ ಸರಿ ಮಾಡಿದ ದಿನದಿಂದ ನೀರ ಇಡಾಕತ್ತೀನಿ," ಎಂದಳು. "ಸುಧಾಬಾಯಿಯವರಿಗಿ ನಾ ಹೇಳೂದಿಲ್ಲ. ಜಪಾ ಇಲ್ಲೇ ಮಾಡ್ತೀರೋ, ಅಲ್ಲಿ ಮಾಡ್ತೀರೋ?"

ಹೊತ್ತು ಮೀರುತ್ತಿತ್ತು. ಬೀರೋಬಾನ ಎದುರಿಗೆ ಚಾಪೆಯ ಮೇಲೆ ಕುಳಿತು ಆಚಮನ ಮಾಡಿ ಸಂಕಲ್ಪ ಹೇಳತೊಡಗಿದೆ. ತಾನು ಇರುವ ಸ್ಥಳವನ್ನು ಹೇಳಿಕೊಳ್ಳದೆ ಸಂಕಲ್ಪವಾಗದು. ಗೋದಾವರಿಯ ದಕ್ಷಿಣ ತೀರದಲ್ಲಿ ಎಂದೆ. ಅಕ್ಕಲಕೋಟೆಗೂ ಸೊಲ್ಲಾಪುರಕ್ಕೂ, ಎ ಕಟ್ಟಡಕ್ಕೂ ಬಿ ಕಟ್ಟಡಕ್ಕೂ ಅದು ಸಲ್ಲುವ ಮಾತು, ಅಲ್ಲಿಯವರೆಗೆ ಸಂಶಯವಿರಲಿಲ್ಲ. ನಮ್ಮ ಮನೆತನದ ಪದ್ಧತಿಯಲ್ಲಿ ಆಮೇಲೆ ಊರನ್ನೂ ಮನೆಯನ್ನೂ ಹೇಳಬೇಕು. ಯಾವ ಊರು, ಯಾವ ಮನೆ ಎಂದು ಹುಡುಕುವಷ್ಟರಲ್ಲಿ ಅಂಗೈಯಲ್ಲಿ ಹಿಡಿದ ನೀರು ಬೆರಳ ಸಂದಿನಿಂದ ಇಳಿದುಹೋಯಿತು.